ಮರಳಿನಡಿಯ ಗಣಪ

“ಏ ಮುಂಡೇದೇ, ದೇವರ ಹತ್ರ ಬರಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿಂಗೆ!”

ಗಣೇಶನ ಹಬ್ಬದ ದಿನ ವರಲಕ್ಷ್ಮಮ್ಮ ನನ್ನ ಕೈಯಿಂದ ಹೂವಿನ ತಟ್ಟೆ ಕಿತ್ತುಕೊಂಡರು. ಮ್ಯಾಂಚೆಸ್ಟರಿನ ಆ ಮನೆಯಲ್ಲಿ ಕಸ, ಬಟ್ಟೆ, ಕಕ್ಕಸು ನನ್ನ ಪಾಲು. ಒಲೆ ಮತ್ತು ದೇವರಮನೆ ಮಾತ್ರ ನನಗಲ್ಲ. ಹೊಲಗೇರಿಯ ನಾಗಮಣಿಯನ್ನು ವಿಮಾನ ಹತ್ತಿಸಿ ತಂದವರು ಹೊಲಗೇರಿಯನ್ನೂ ಜೊತೆಗೇ ತಂದಿದ್ದರು.

ನನ್ನ ಪಾಸ್‌ಪೋರ್ಟನ್ನು ಅವರ ಗಂಡ ಡಾಕ್ಟರ್ ಹರಿಪ್ರಸಾದರು ಅದೇ ದೇವರಮನೆಯಲ್ಲಿ ಇಟ್ಟಿದ್ದರು. ಬೀಗವೂ ಬೇಕಿರಲಿಲ್ಲ. ಅವ್ವ ಸತ್ತಾಗ ಊರಿಗೆ ಹೋಗುತ್ತೇನೆ, ಕೊಡಿ ಎಂದು ಕಾಲು ಹಿಡಿದೆ. “ನೋಡೋಣ” ಎಂದರು. ಎರಡು ಹೆಜ್ಜೆ ಒಳಗಿಟ್ಟರೆ ಕೈಗೆ ಸಿಗುತ್ತಿತ್ತು, ಆದರೆ ಹೊಸಲು ದಾಟಲು ಕಾಲೇ ಬರಲಿಲ್ಲ. ಥೂ ನನ್ನ ಹೆದರಿಕೆಗೆ!

ಗಣಪನನ್ನು ಬಿಡಲು ಕಾರಿನಲ್ಲಿ ಕಡಲಿಗೆ ಹೋದೆವು. ಡಾಕ್ಟರು ಮಂತ್ರ ಹೇಳಿ, ಮೊಳಕಾಲುದ್ದ ನೀರಿನಲ್ಲಿ ಬಿಟ್ಟು, ಚಳಿ ಚಳಿ ಎಂದು ಓಡಿಬಂದರು. ಪುಳಿಯೋಗರೆ ತಿಂದು ಮುಗಿಸುವಷ್ಟರಲ್ಲಿ ನೀರು ಇಳಿದು ಎಲ್ಲೋ ದೂರ ಹೋಗಿತ್ತು. ಪ್ಲಾಸ್ಟರ್ ಗಣಪ ಮೈಬಣ್ಣವೂ ಮಾಸದೆ ಕೆಸರಿನಲ್ಲಿ ಕೂತಿದ್ದ. ನಾಯಿ ಹಿಡಿದು ತಿರುಗುವವರು ನಿಂತು ನೋಡತೊಡಗಿದರು.

“ನಾಗಮಣಿ, ಬೇಗ ಹೊತ್ಕೊಂಡು ಹೋಗಿ ಆ ಮರಳುದಿಬ್ಬದ ಬುಡದಲ್ಲಿ ಹೂತುಬಿಡೇ,” ಎಂದರು ಡಾಕ್ಟರು.

“ನಾನ್ ಮುಟ್ಬೋದಾ ಬುದ್ಧಿ?”

“ವಿಸರ್ಜನೆ ಆಯ್ತಲ್ಲ. ಈಗ ಅದು ದೇವರಲ್ಲ, ಬರೀ ಗೊಂಬೆ.”

ಮುರಿದ ಬೇಲಿಗೂಟದ ಪಕ್ಕ ಬರಿಗೈಯಲ್ಲಿ ತೋಡಿ ಹೂತೆ. ಉಗುರು ಕಿತ್ತು ರಕ್ತ ಬಂತು. ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಅದೇ ತೀರವನ್ನು ಮೊದಲಿನ ಹಾಗೆ ಮಾಡುವ ಚಳವಳಿ ಶುರುವಾಯಿತು. ಕಸ ಹೆಕ್ಕಬೇಕು, ಕ್ರಿಸ್‌ಮಸ್ ಮುಗಿದ ಮೇಲೆ ಜನ ಬೀದಿಗೆ ಎಸೆದ ಅಲಂಕಾರದ ಮರಗಳನ್ನು ದಿಬ್ಬದ ಬುಡದಲ್ಲಿ ನೆಡಬೇಕು. ಗಾಳಿಗೆ ಹಾರುವ ಮರಳು ಅಲ್ಲಿ ನಿಂತು ದಿಬ್ಬ ಮತ್ತೆ ಬೆಳೆಯುತ್ತದಂತೆ. ಊರಿನ ಬಿಳಿಯರ ಜೊತೆ ಕನ್ನಡದವರೂ ಸೇರಿದರು. ಕನ್ನಡದವರ ಮುಂದಾಳು ನಮ್ಮ ಡಾಕ್ಟರು. ಅವರ ಪಾಲಿನ ಗುಂಡಿ ತೋಡುವವಳು ನಾನು.

ಟಿವಿಯವರು ಬಂದಿದ್ದರು. ಪ್ರಕೃತಿಯೇ ನಮಗೆ ದೇವರು, ಕಡಲಿಗೆ ಒಂದು ಕಡ್ಡಿಯನ್ನೂ ಎಸೆಯುವವರಲ್ಲ ನಾವು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತಿತ್ತು. ಮೈಯೆಲ್ಲ ಉರಿಯಿತು. ಸಲಿಕೆ ಎತ್ತಿಕೊಂಡು ಆ ಮುರಿದ ಬೇಲಿಗೂಟದ ಹತ್ತಿರ ಹೋಗಿ ತೋಡತೊಡಗಿದೆ.

ಡಾಕ್ಟರು ಮಾತು ಬಿಟ್ಟು ಓಡಿಬಂದರು. “ಲೇ, ಅಲ್ಲಿ ಬೇಡ್ವೇ! ಇತ್ಲಾಗ್ ಬಾ!”

“ನನ್ ಪಾಸ್‌ಪೋರ್ಟು?”

“ಮನೆಗೆ ಹೋದ ತಕ್ಷಣ ಕೊಡ್ತೀನಮ್ಮಾ. ದೇವರಾಣೆ.”

ನನ್ನನ್ನು ಅಮ್ಮಾ ಅಂದದ್ದು ಅದೇ ಮೊದಲು. ಸಲಿಕೆ ಠಕ್ ಎಂದು ಏನಕ್ಕೋ ತಾಗಿತು.

“ಯಾವ್ ದೇವ್ರಾಣೆ ಡಾಕ್ಟ್ರೇ? ಇವ್ನಾಣೇನಾ?”

ಎರಡೂ ಕೈ ಹಾಕಿ ಎಳೆದೆ. ಸೊಂಡಿಲು ಮುರಿದಿತ್ತು, ಕಿರೀಟದ ಚಿನ್ನದ ಬಣ್ಣ ಹಾಗೇ ಇತ್ತು. ಎದೆಗೊತ್ತಿಕೊಂಡು ನಡೆದು ಕ್ಯಾಮೆರಾದ ಮುಂದೆ ಕೂರಿಸಿದೆ.

“ದೇವರನ್ನ ಮುಟ್ಬೇಡ್ವೇ, ಹಲ್ಕಾ!” ವರಲಕ್ಷ್ಮಮ್ಮ ಕಿರುಚಿದರು.

“ದೇವ್ರಲ್ಲ ಕಣವ್ವ, ಗೊಂಬೆ. ನಿನ್ ಗಂಡನ್ನೇ ಕೇಳು.”

ಡಾಕ್ಟರ ಮುಖ ಬಿಳುಚಿತ್ತು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಚಳವಳಿಯ ಬಿಳಿ ಹೆಂಗಸು ಇದು ಯಾರದ್ದೆಂದು ಕೇಳಿದಳು. ಮರಳು ಮೆತ್ತಿದ ಬೆರಳನ್ನು ಡಾಕ್ಟರತ್ತ ಚಾಚಿದೆ.

“ಡಾಕ್ಟರ್ ಗಾಡ್,” ಎಂದೆ. “ಡಾಕ್ಟರ್ ಹೌಸ್, ಮೈ ಪಾಸ್‌ಪೋರ್ಟ್.”

ಕ್ಯಾಮೆರಾ ಅವರ ಕಡೆ ತಿರುಗಿತು. ನಾನು ಇನ್ನೂ ಸಲಿಕೆ ಕೆಳಗಿಟ್ಟಿರಲಿಲ್ಲ.