ಮೂರು ರಿಂಗಿನ ನಿಯಮ

ನೀರು ಸರಬರಾಜು ಇಲಾಖೆಯಲ್ಲಿ ಅವಳನ್ನು ಎಲ್ಲರೂ ಅಂಕಿ ಮೇಡಂ ಅನ್ನುತ್ತಿದ್ದರು. ಯಾವ ನೌಕರ ಎಷ್ಟು ದೂರು ಮುಗಿಸಿದ, ಎಷ್ಟು ಉಳಿಸಿಕೊಂಡ ಎಂದು ಎಣಿಸಿ, ವರ್ಷದ ಕೊನೆಗೆ ಎ, ಬಿ, ಸಿ ಶ್ರೇಣಿ ಬರೆಯುವುದು ಅವಳ ಕೆಲಸ.

ಮೂರು ರಿಂಗಿನ ನಿಯಮವೂ ಅವಳದೇ. ದೂರು ಕೊಟ್ಟವರಿಗೆ ಆಫೀಸಿನಿಂದ ಫೋನ್ ಮಾಡಬೇಕು; ಮೂರು ರಿಂಗಿಗೂ ಎತ್ತದಿದ್ದರೆ ‘ಸಮಸ್ಯೆ ಉಳಿದಿಲ್ಲ’ ಎಂದು ಬರೆದು ದೂರು ಮುಗಿಸಬೇಕು. ಎರಡು ವರ್ಷದ ಹಿಂದೆ, ಮಗಳಿಗೆ ಜ್ವರ ಬಂದು ಮನೆಗೆ ಬೇಗ ಓಡಬೇಕಿದ್ದ ಒಂದು ಮಧ್ಯಾಹ್ನ, ಹೊಳೆದದ್ದನ್ನು ಹೊಳೆದ ಹಾಗೇ ಗೀಚಿ ಕೊಟ್ಟಿದ್ದಳು. ಬೆಟ್ಟದಂತಿದ್ದ ದೂರುಗಳು ಮಂಜಿನ ಹಾಗೆ ಕರಗಿದವು. ನಿರ್ದೇಶಕರು ಸಭೆಯಲ್ಲಿ ಎದ್ದುನಿಂತು ಹೊಗಳಿದರು.

ಕರಗದೆ ಉಳಿದದ್ದು ಒಬ್ಬನ ರಿಜಿಸ್ಟರು ಮಾತ್ರ. ಪೈಪ್ ರಿಪೇರಿಯ ಆ ಹಳೇ ಕೆಲಸಗಾರ ಪುಟಪುಟಕ್ಕೂ ‘ಬಾಕಿ’ ಎಂದೇ ಬರೆಯುತ್ತಿದ್ದ. ಬಾಕಿಯಣ್ಣ ಅನ್ನೋ ಹೆಸರು ಬಿದ್ದದ್ದು ಹಾಗೆ. ಈಗಾಗಲೇ ಎರಡು ವರ್ಷ ಸಿ. ಈ ಸಲವೂ ಬಂದರೆ ಅವನನ್ನು ಉಗ್ರಾಣದ ಕಾವಲಿಗೆ ಹಾಕುತ್ತಾರೆ. ಅವಳು ಸಿ ಬರೆದೂ ಆಗಿತ್ತು. ಉಳಿದದ್ದು ಅವನ ಸಹಿ, ಮತ್ತೆ ಹೊಸ ಸುತ್ತೋಲೆಯ ಪ್ರಕಾರ ಒಂದು ಸ್ಥಳ ತನಿಖೆ. ಅವನ ರಿಜಿಸ್ಟರಿನಲ್ಲಿ ಐದು ತಿಂಗಳಿಂದ ಐದು ಸಲ ‘ವಾಲ್ವ್ ಬಾಕಿ’ ಅಂತಿದ್ದ ಒಂದೇ ಮನೆಯನ್ನು ಆರಿಸಿಕೊಂಡು, ಅವನನ್ನೇ ಕರೆದುಕೊಂಡು ಹೊರಟಳು.

“ಒಂದು ವಾಲ್ವ್ ಹಾಕೋಕೆ ಐದು ತಿಂಗಳಾ?” ಮೆಟ್ಟಿಲು ಹತ್ತುತ್ತಾ ಏದುಸಿರಿನಲ್ಲೇ ಕೇಳಿದಳು.

“ವಾಲ್ವ್ ಕೊಟ್ಟರೆ ಐದು ನಿಮಿಷದ ಕೆಲಸ ಮೇಡಂ. ಉಗ್ರಾಣದವರು ದೂರಿನ ನಂಬರ್ ನೋಡ್ತಾರೆ, ಮುಗಿದಿದೆ ಅಂತಾರೆ. ಮುಗಿದ ದೂರಿಗೆ ವಾಲ್ವ್ ಯಾಕೆ ಅಂತಾರೆ. ನಾನು ಮತ್ತೆ ಹೊಸ ದೂರು ಬರೆಸ್ತೀನಿ, ಆಫೀಸಿನಿಂದ ಮತ್ತೆ ಫೋನ್ ಹೋಗುತ್ತೆ, ಮತ್ತೆ ಮುಗಿಯುತ್ತೆ.” ನಕ್ಕ. “ಗಾಣದ ಎತ್ತು ನಾನು.”

“ಅವರು ಫೋನ್ ಎತ್ತಿದರೆ ಆಯ್ತಲ್ಲ!”

ಅವನು ಮುಂದಿನ ಮೆಟ್ಟಿಲು ಹತ್ತಿದ.

ಮೂರನೇ ಮಹಡಿಯ ಬಾಗಿಲು ತೆರೆದೇ ಇತ್ತು. ತನಿಖೆಯ ಹಾಳೆಯಲ್ಲಿ ಮೊದಲ ಸಾಲು: ದೂರವಾಣಿ ಸಂಖ್ಯೆ ಸರಿಯಿದೆಯೇ? ಅವಳು ಹೊಸ್ತಿಲ ಆಚೆ ನಿಂತೇ ನಂಬರ್ ಒತ್ತಿದಳು. ಒಳಗೆ, ಬಾಗಿಲ ಪಕ್ಕದ ಮೇಜಿನ ಮೇಲೆ, ಫೋನ್ ಹೊಡೆದುಕೊಂಡಿತು.

ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಕಿರುಗುಟ್ಟಿತು. ಒಬ್ಬ ಅಜ್ಜಿ ಎರಡೂ ಕೈಯೂರಿ ಎದ್ದಳು. ಒಂದು. ಕೋಲು ಸಿಕ್ಕಿತು. ಎರಡು. ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಮೂರು.

ಅಂಕಿ ಮೇಡಂ ಹೆಬ್ಬೆರಳು ಅಭ್ಯಾಸಬಲದಿಂದ ತಾನಾಗಿಯೇ ಫೋನ್ ಕತ್ತರಿಸಿತು.

ಅಜ್ಜಿ ನಡುಮನೆಯಲ್ಲಿ ನಿಂತುಬಿಟ್ಟಳು. “ಹಾಳಾದ್ದು, ಇವತ್ತೂ ನಿಂತ್ಹೋಯ್ತು.” ಆಮೇಲೆ ಬಾಗಿಲ ಕಡೆ ನೋಡಿ ಮುಖ ಅರಳಿಸಿದಳು. “ಬಂದ್ಯೇನಪ್ಪಾ? ವಾಲ್ವ್ ಸಿಕ್ತಾ? ಕೆಳಗಿನಿಂದ ನೀರಿನ ಕೊಡ ಹೊರೋಕೆ ಪಕ್ಕದ ಮನೆ ಹುಡುಗಿಗೂ ಸಾಕಾಗಿದೆ. ಅಲ್ಲಾ, ಹೀಗೆ ಫೋನ್ ಮಾಡಿ ಮಾಡಿ ಇಡೋರು ಯಾರು ಅಂತೀನಿ?”

ಬಾಕಿಯಣ್ಣನ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಆದರೆ ಹೇಳಿದ್ದು ಬೇರೆ: “ಯಾವುದೋ ರಾಂಗ್ ನಂಬರ್ ಇರಬೇಕು ಬಿಡಜ್ಜಿ.”

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. ಅವನು ಬೈದಿದ್ದರೆ ಎದುರು ಮಾತಾಡಬಹುದಿತ್ತು, ಸುತ್ತೋಲೆ ತೋರಿಸಬಹುದಿತ್ತು. ತಾನು ಯಾರಿಗೆ ಸಿ ಬರೆದಳೋ ಅವನೇ ತನ್ನ ಮಾನ ಮುಚ್ಚುತ್ತಿದ್ದಾನೆ. ಈ ಅಜ್ಜಿಯಂಥವರು ಎಷ್ಟು ನಡುಮನೆಗಳಲ್ಲಿ ಹೀಗೆ ನಿಂತಿದ್ದಾರೋ! ಎಣಿಸುವುದೇ ಕಸುಬಾದವಳಿಗೆ ಅದರ ಲೆಕ್ಕ ಮಾತ್ರ ಗೊತ್ತಿರಲಿಲ್ಲ.

“ಸಹಿ ಎಲ್ಲಿ ಹಾಕ್ಬೇಕು ಮೇಡಂ?” ಅವನು ಮೆಲ್ಲಗೆ ಕೈ ಚಾಚಿದ. “ನೀವು ಬರೆದಿದ್ದೀರಿ ಅಂದಮೇಲೆ ಓದೋದೇನಿದೆ.”

ಅವಳು ಶ್ರೇಣಿಯ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು. ಚಪ್ಪಲಿ ಬಿಟ್ಟು ಒಳಗೆ ಹೋದಳು.

“ಅಜ್ಜಿ, ಫೋನ್ ಮಾಡಿ ಇಟ್ಟಿದ್ದು ನಾನು.” ಕೈಯಲ್ಲಿದ್ದ ಫೋನ್ ತೋರಿಸಿದಳು. “ಮೂರು ರಿಂಗಿಗೆ ಇಡಿ ಅಂತ ಎಲ್ಲರಿಗೂ ಹೇಳಿಕೊಟ್ಟವಳೂ ನಾನೇ.”

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿಲ್ಲ. ತಿರುಗಿ, ಗೋಡೆ ಹಿಡಿದು, ಮತ್ತೆ ಕುರ್ಚಿಗೆ ಹೋಗಿ ಕೂತಳು.

“ಹಾಗಾದ್ರೆ ಇನ್ನೊಂದು ಸಲ ಮಾಡಮ್ಮ. ನಾನು ಎತ್ತೋಳೇ. ನೀನೇ ನೋಡು.”

ಅವಳು ಮಾಡಿದಳು. ಕೋಲು, ಗೋಡೆ, ಮೇಜು. ಹನ್ನೊಂದನೇ ರಿಂಗಿಗೆ ಅಜ್ಜಿ ಫೋನ್ ಎತ್ತಿ, ಎದುರಿಗೇ ನಿಂತಿದ್ದವಳಿಗೆ, “ಹಲೋ, ಮನೇಲಿ ನೀರು ಬರ್ತಿಲ್ಲ” ಅಂದಳು.

ಅಂಕಿ ಮೇಡಂ ಅಲ್ಲೇ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟು, ಸಿ ಹೊಡೆದುಹಾಕಿದಳು. ಬದಲಾವಣೆಗೆ ಕಾರಣ ಎಂಬಲ್ಲಿ ಬರೆದಳು: ‘ಈ ನೌಕರನ ಬಾಕಿ ನಿಜವಾದ ಬಾಕಿ. ಉಳಿದವರ ಮುಗಿದ ದೂರುಗಳು ಮುಗಿದಿಲ್ಲ. ನಿಯಮ ನನ್ನದು, ತಪ್ಪೂ ನನ್ನದು.’

ಬಾಕಿಯಣ್ಣ ಬಗ್ಗಿ ಓದಿದ. “ಮೇಡಂ, ಇದನ್ನ ಕಳಿಸಿದರೆ ಸಿ ನಿಮಗೆ ಬರುತ್ತೆ.”

“ಬರಲಿ,” ಅಂದಳು. ತಲೆಯೆತ್ತಿ ಅವನ ಮುಖ ನೋಡುವುದು ಮಾತ್ರ ಅವಳಿಂದ ಆಗಲಿಲ್ಲ.