ಅಂಚಿನ ಹೊಗೆ

ನೀರು ತಣ್ಣಗಿದೆ, ತಣ್ಣಗೇ ಇರಬೇಕು, ಬಿಸಿನೀರಿಗೆ ಗಾಜಿನ ಮೇಲಿನ ಲೇಪ ಬಿರಿಯುತ್ತದೆ, ಕನ್ನಡಕದಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಇದನ್ನೇ ಹೇಳುತ್ತೇನೆ, ಮೊದಲು ನಲ್ಲಿ ಕೆಳಗೆ ಹಿಡಿದು ಧೂಳು ಕಳೀರಿ, ಒಣಗಿದ್ದಾಗ ಒರೆಸ್ಬೇಡಿ, ಗೀರು ಬೀಳತ್ತೆ — ಹೂಂ ಹೂಂ ಎಂದ ಗಿರಾಕಿಗಳು ಬಾಗಿಲು ದಾಟುವ ಮೊದಲೇ ಅಂಗಿಯ ತುದಿಗೆ ಒರೆಸಿಕೊಂಡಿರುತ್ತಾರೆ — ಸೋಪು ಒಂದೇ ಹನಿ, ಬೆರಳುಗಳ ನಡುವೆ ಅಜ್ಜಿಯ ಕನ್ನಡಕ, ನುಣ್ಣಗೆ, ಒಂದು ಕಲೆಯೂ ಇಲ್ಲ, ಆದರೂ ತೊಳೆಯುತ್ತಿದ್ದೇನೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದು ಗಂಟೆಯೂ ಆಗಿಲ್ಲ, ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಬಂದುಬಿಟ್ಟೆ, ಏನಂದ್ರೇ ಡಾಕ್ಟ್ರು, ಹೇಳ್ತೀನಿ ಇರಜ್ಜಿ, ಮೊದ್ಲು ಕನ್ನಡಕ ಕೊಡು, ತೊಳೀತೀನಿ. ಹೇಗೆ ಹೇಳಲಿ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಒಂದು ಕಾಗದ ತೋರಿಸಿದರು, ಅಜ್ಜಿಗೆ ಎಷ್ಟಗಲ ಕಾಣುತ್ತದೆಂಬ ನಕ್ಷೆ, ಎಡಗಣ್ಣಿಗೊಂದು ಬಲಗಣ್ಣಿಗೊಂದು ವೃತ್ತ, ಸುತ್ತಲೂ ಕಪ್ಪು, ನಡುವೆ ಅಂಗಿಯ ಗುಂಡಿಯಷ್ಟು ಬಿಳಿ, ಇಷ್ಟೇ ಉಳಿದಿರೋದು ನೋಡಮ್ಮ, ಕಣ್ಣೊಳಗಿನ ಒತ್ತಡ ನರಾನ ತಿಂದ್ಹಾಕಿದೆ, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ಕಣ್ಣಿಗೆ ಔಷಧಿ ಹಾಕೋಣ, ಒಂದು ವರ್ಷ ಮುಂಚೆ ಬಂದಿದ್ರೆ, ಯಾಕೆ, ಅವ್ರು ಏನೂ ಹೇಳ್ತಿರ್ಲಿಲ್ವಾ?

ಹೇಳುತ್ತಿದ್ದಳು. ಅಂಚಲ್ಲಿ ಹೊಗೆ ಕೂತಿದೆ ಕಣೇ, ಚೂರು ತೊಳೆದುಕೊಡು. ಅಂಚು ಎಂದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು, ತಿಳಿಯದೆ ಏನು, ನಾಲ್ಕು ವರ್ಷದ ಕಸುಬು, ಗಾಜು ಚೌಕಟ್ಟಿಗೆ ಸೇರುವ ಸಂದಿನಲ್ಲೇ ಅಲ್ಲವೇ ಬೆವರು, ಜಿಡ್ಡು, ಪೌಡರೆಲ್ಲ ಗಟ್ಟಿಯಾಗುವುದು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಸುತ್ತ ಉಜ್ಜಿದೆ, ವಾರಕ್ಕೊಮ್ಮೆ, ಆಮೇಲೆ ದಿನಾ, ತಗೋ, ಈಗ ಹೇಗಿದೆ, ಫಳಫಳ ಅಂತಿದೆ ಬಿಡೇ, ನನ್ನ ಗಾಜಿನ ಡಾಕ್ಟ್ರು ನೀನು — ಆ ಹೊಗಳಿಕೆಗೆ ನಾನು ಉಬ್ಬಿಹೋದೆ. ಮರುದಿನಕ್ಕೆ ಮತ್ತೆ ಹೊಗೆ. ಗಾಜು ಬದಲಿಸಿದೆ, ಇನ್ನೂ ಅಗಲದ ಚೌಕಟ್ಟು ಹಾಕಿಸಿದೆ, ಅಂಗಡಿಯ ಯಜಮಾನರೇ ನಕ್ಕರು, ನಿಮ್ಮಜ್ಜಿಗೆ ಕಿಟಕಿನೇ ತಂದು ಕಟ್ಟು, ನಾನೂ ನಕ್ಕೆ. ಅಜ್ಜಿ ಪಕ್ಕದಲ್ಲಿದ್ದ ಲೋಟ ಉರುಳಿಸಿದಾಗಲೂ ನಕ್ಕೆ, ಬೀದಿಯಲ್ಲಿ ಅವಳಿಗೆ ಸೈಕಲ್ಲು ತಗುಲಿದಾಗ ಸೈಕಲ್ಲಿನವನನ್ನೇ ಬೈದೆ. ಸುತ್ತ ಕಪ್ಪು, ನಡುವೆ ಬಿಳಿ. ಮತ್ತೆ ಆ ಕಥೆ, ಅಷ್ಟು ಕಥೆ ಹೇಳಿ ಬೆಳೆಸಿದವಳು ಎಂದೂ ಹೇಳದ ಕಥೆ, ನಾನು ಬ್ರಷ್ಷು ಹಿಡಿದು ಕೂತಿದ್ದಾಗ ತಾನಾಗಿಯೇ ಶುರುಮಾಡಿದಳು, ಒಬ್ಬ ರಾಜ ಇದ್ನಂತೆ, ಅವನ ರಾಜ್ಯದ ಗಡಿಯಿಂದ ಮಂಜು ಮೇಯ್ತಾ ಬಂತಂತೆ, ದಿನಕ್ಕೊಂದು ಹೊಲ, ದಿನಕ್ಕೊಂದು ಊರು, ನಡುವಲ್ಲಿದ್ದ ರಾಜಂಗೆ ಗೊತ್ತೇ ಆಗ್ಲಿಲ್ವಂತೆ, ಅರಮನೆ ಎಲ್ಲ ಸರಿಯಾಗೇ ಕಾಣ್ತಿತ್ತಲ್ಲ — ಎಷ್ಟು ಚೆಂದ, ಹೊಲ ಮೇಯುವ ಮಂಜು, ನಾನು ಕಣ್ಣು ಮುಚ್ಚಿ ಆ ಮಂಜಿನ ಹಿಂದೆ ನಡೆದುಹೋದೆ, ಆಮೇಲೆ ಏನಾಯ್ತಜ್ಜಿ, ಆಮೇಲೆ ಏನೋ ಗೊತ್ತಿಲ್ಲ ಕಣೇ, ಅಲ್ಲೀವರೆಗೇ ಬಂದಿದೆ. ಅಲ್ಲಿಯವರೆಗೇ ಬಂದಿದೆ ಎಂದಳು, ಕೇಳಿಸಿಕೊಂಡೆ, ಬ್ರಷ್ಷಿಗೆ ಇನ್ನಷ್ಟು ಸೋಪು ಹಾಕಿದೆ.

ಸಾಕು, ನಲ್ಲಿ ನಿಲ್ಲಿಸು, ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸು, ಹೋಗು, ಕೊಳೆ ಗಾಜಿನದಲ್ಲಜ್ಜಿ, ತಪ್ಪು ನನ್ನದು ಎಂದುಬಿಡು, ಎರಡೇ ಮಾತು — ನಡುಮನೆಗೆ ಬರುತ್ತೇನೆ, ಬೆತ್ತದ ಕುರ್ಚಿಯಲ್ಲಿ ಅವಳು, ಪಕ್ಕದಲ್ಲಿ ನಾನು, ತೋಳಳತೆಯಲ್ಲಿ, ಕನ್ನಡಕ ಮುಂದೆ ಚಾಚುತ್ತೇನೆ, ಅಜ್ಜಿ ತಿರುಗುವುದಿಲ್ಲ, ಎದುರಿನ ಖಾಲಿ ಬಾಗಿಲಿಗೆ ಹೇಳುತ್ತಾಳೆ, ಎಷ್ಟೊತ್ತೇ ತೊಳೀತೀಯಾ, ಬಾರೇ ಈಚೆ — ಸುತ್ತ ಕಪ್ಪು, ನಾನು ಆ ಕಪ್ಪಿನಲ್ಲಿ ನಿಂತಿದ್ದೇನೆ, ನಡುವೆ ಗುಂಡಿಯಷ್ಟು ಬಿಳಿ, ಬಿಳಿಯಲ್ಲಿ ಬಾಗಿಲು, ಬರೀ ಬಾಗಿಲು