ರೋಲರಿಗೆ ಕುಂಕುಮ ಇಟ್ಟವರು

ಮಿಲ್ಲಿನ ಮಾಲೀಕರು ಕೊಟ್ಟ ಉತ್ತರವನ್ನು ವಕೀಲ ಗಿರಿಧರ ಓದಿ ಹೇಳಿದಾಗ ಮಾಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ‘ಗಾಯಕ್ಕೆ ಅರ್ಜಿದಾರನೇ ಕಾರಣ’ ಎಂದರೆ? ಬಲಗೈಯ ನಾಲ್ಕು ಬೆರಳನ್ನು ಯಾರಾದರೂ ತಾವೇ ಕಳೆದುಕೊಳ್ಳುತ್ತಾರೆಯೇ?

“ರೋಲರ್ ಮೇಲಿನ ಮುಚ್ಚಳ ಬೇಕಂತಲೇ ಬಿಚ್ಚಿದ್ದ ಅಂತಾರೆ ಕಣಮ್ಮ. ಏನೋ ಮೈಮರೆತ ಅಂದ್ರೆ ಪರಿಹಾರ ಸಿಗುತ್ತೆ. ಬೇಕಂತಲೇ ಅಂತಾದ್ರೆ ಒಂದು ಕಾಸೂ ಇಲ್ಲ.”

“ಇವ್ರ್ಯಾಕೆ ಬಿಚ್ಚಾರು ಸಾ? ಅನ್ನೊಂದು ವರ್ಸದಿಂದ ಅದೇ ಮಿಸ್ನು ಓಡ್ಸವ್ರೆ.”

ಪಕ್ಕದಲ್ಲಿ ಕೂತಿದ್ದ ಗಂಡ ಮಂಚಯ್ಯ ನೆಲ ನೋಡುತ್ತಿದ್ದ. ಹಿರೀಸಾವೆಯ ತೆಂಗಿನ ನಾರಿನ ಮಿಲ್ಲಿನಲ್ಲಿ ಬೆರಳು ಹೋದಾಗಿನಿಂದ ಅವನು ಆ ದಿನದ ಬಗ್ಗೆ ತುಟಿ ಬಿಚ್ಚಿದವನೇ ಅಲ್ಲ.

ತೊಂಬತ್ತೊಂಬತ್ತರ ಆಷಾಢದಲ್ಲಿ ಹಾಸನದ ಕಾರ್ಮಿಕ ಅಧಿಕಾರಿಗಳ ಮುಂದೆ ವಿಚಾರಣೆ ಬಂತು. ಮಾಲೀಕರ ವಕೀಲ ಚನ್ನಕೇಶವ ಸುತ್ತಿ ಬಳಸಲಿಲ್ಲ.

“ಮುಚ್ಚಳ ಬಿಚ್ಚಿದ್ದು ಯಾರು?”

“ನಾನೇ ಸಾ.”

ಗಿರಿಧರ ಕಣ್ಣು ಮುಚ್ಚಿಕೊಂಡ.

“ಯಾಕೆ ಬಿಚ್ಚಿದಿರಿ?” ಅಧಿಕಾರಿ ಕೇಳಿದರು.

“ಆಯುಧಪೂಜೆ ಸಾ. ಮುಚ್ಚಳಕ್ಕೆ ಕುಂಕ್ಮ ಇಟ್ರೆ ಪೂಜೆ ಆಯ್ತದಾ? ರೋಲರ್‌ಗೇ ಇಡ್ಬೇಕು.”

“ಪೂಜೆ ಆದಮೇಲೆ ಮತ್ತೆ ಹಾಕಬಹುದಿತ್ತಲ್ಲ?”

“ಸ್ಪ್ಯಾನರೂ ಪೂಜೆಗೆ ಕೂತಿತ್ತು ಸಾ, ಮಾರ್ನೇ ದಿನದಗಂಟ ಮುಟ್ಟಂಗಿಲ್ಲ. ಶಾಸ್ತ್ರಕ್ಕೆ ಒಂದು ಸುತ್ತು ಓಡ್ಸು ಅಂದ್ರು ಯಜಮಾನ್ರು. ಓಡಿಸ್ದೆ. ಚೆಂಡೂವಿನ ಆರ ಒಳಿಕ್ಕೆ ಎಳ್ಕೋತು. ಪೂಜೆ ಆರ ಅಲ್ವಾ ಅಂತ ಕೈ ಆಕ್ಬುಟ್ಟೆ.”

ಮಾಲೀಕ ಪಾಲಾಕ್ಷ ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಬಂದು ನಿಂತರು. ಓಡಿಸು ಎಂದು ತಾವು ಹೇಳಿದ್ದು ನಿಜ, ಆದರೆ ಮುಚ್ಚಳ ಬಿಚ್ಚಿರುವುದು ರಕ್ತ ಚೆಲ್ಲಿದ ಮೇಲಷ್ಟೇ ಗೊತ್ತಾಯಿತು ಎಂದರು. ಎಲ್ಲ ಮುಗಿಯಿತು ಅಂದುಕೊಂಡಳು ಮಾಯಮ್ಮ.

ಗಿರಿಧರ ಎದ್ದ. “ಸರಿ ಸ್ವಾಮಿ. ಬಿಚ್ಚಿದ್ದೂ ಮಂಚಯ್ಯ, ರೋಲರಿಗೆ ಕುಂಕುಮ ಇಟ್ಟು ಹಾರ ಹಾಕಿ ಪೂಜೆ ಮಾಡಿದ್ದೂ ಮಂಚಯ್ಯನೇ. ಅಲ್ವಾ?”

ಪಾಲಾಕ್ಷರು ಕೆನ್ನೆಗೆ ಏಟು ಬಿದ್ದವರಂತೆ ಸೆಟೆದರು. “ಏನ್ ಮಾತು ಅಂತ ಆಡ್ತೀರ್ರೀ! ಇವನ ಕೈಲಿ ಪೂಜೆ ಮಾಡಿಸ್ತೀವಾ ನಾವು? ಕುಂಕುಮ ನನ್ನ ಕೈಯಾರೆ ನಾನೇ ಇಟ್ಟಿದ್ದು. ಮಂಗಳಾರತಿ ಮುಗಿಯೋವರೆಗೂ ಇವನು ಬಾಗಿಲಾಚೆನೇ ನಿಂತಿದ್ದ. ವರ್ಷ ವರ್ಷವೂ ಹಂಗೇ. ಬೇಕಾದ್ರೆ ಅವನನ್ನೇ ಕೇಳಿ!”

ಚನ್ನಕೇಶವನ ಬಾಯಿ ತೆರೆದದ್ದು ತೆರೆದೇ ಇತ್ತು.

ಅಧಿಕಾರಿ ನಿಧಾನವಾಗಿ ಹೇಳಿದರು: “ಹಾಗಾದ್ರೆ ಮುಚ್ಚಳವಿಲ್ಲದ ರೋಲರನ್ನು ನೀವು ಕಣ್ಣಾರೆ ನೋಡಿದ್ರಿ. ಕುಂಕುಮ ಇಟ್ರಿ. ಆಮೇಲೆ ಇವರನ್ನು ಒಳಗೆ ಕರೆದು, ಓಡಿಸು ಅಂದ್ರಿ.”

ತಾವು ಏನು ಹೇಳಿಬಿಟ್ಟೆವೆಂದು ಪಾಲಾಕ್ಷರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಾಗ ಮುಖ ಬಿಳಿಚಿಕೊಂಡಿತು.

ಗಿರಿಧರ ಬಗ್ಗಿ ಪಿಸುಗುಟ್ಟಿದ: “ನಿಮ್ಮ ಗಂಡ ಹೌದು ಅಂದ್ಬಿಟ್ರೆ ಸಾಕು ಕಣಮ್ಮ, ಪರಿಹಾರ ಗಟ್ಟಿ.”

ಮಾಯಮ್ಮನಿಗೆ ‘ಬಾಗಿಲಾಚೆ’ ಎಂಬುದಷ್ಟೇ ಕೇಳಿಸಿತ್ತು. ಪ್ರತಿ ವರ್ಷ ಆಯುಧಪೂಜೆಯ ಸಂಜೆ ಕಡ್ಲೆಪುರಿ ಪೊಟ್ಟಣ ಹಿಡಿದು ಬರುತ್ತಿದ್ದ ಗಂಡ, “ಯಜಮಾನ್ರ ಪಕ್ದಲ್ಲೇ ನಿಂತಿದ್ದೆ ಕಣಮ್ಮಿ, ಮಂಗ್ಳಾರ್ತಿ ನಂಗೇ ಮೊದ್ಲು ಕೊಟ್ರು” ಎನ್ನುತ್ತಿದ್ದ. ಅದನ್ನು ಅವಳು ಕೇರಿಯ ಮನೆಮನೆಗೂ ಹೇಳಿ ಬರುತ್ತಿದ್ದಳು. ಹನ್ನೊಂದು ವರ್ಷ.

“ಮಂಚಯ್ಯ, ನಿಮ್ಮ ಬಾಯಿಂದಲೂ ಬರಬೇಕು,” ಅಂದರು ಅಧಿಕಾರಿ. “ಪೂಜೆ ಹೊತ್ತಲ್ಲಿ ಹೊರಗೆ ನಿಂತಿದ್ರಾ?”

‘ನಾನೇ ಬಿಚ್ಚಿದ್ದು’ ಎಂದು ಎಗ್ಗಿಲ್ಲದೆ ಹೇಳಿದವನಿಗೆ ಈಗ ಮಾತು ಹೊರಡಲಿಲ್ಲ. ಅಧಿಕಾರಿ ಇನ್ನೊಮ್ಮೆ ಕೇಳಿದರು. ಮಂಚಯ್ಯ ಹೆಂಡತಿಯ ಕಡೆ ಒಮ್ಮೆ ನೋಡಿ, ತಟ್ಟನೆ ಮುಖ ತಿರುಗಿಸಿದ.

ಮಾಯಮ್ಮ ಎದ್ದಳು. ಸೆರಗು ಬಿಗಿಯಾಗಿ ಹೊದ್ದು ಹೊರಬಂದು, ಬಾಗಿಲನ್ನು ತಾನೇ ಮುಂದಕ್ಕೆಳೆದುಕೊಂಡು ಜಗಲಿಯಲ್ಲಿ ನಿಂತಳು.

ಒಳಗೆ ಅಧಿಕಾರಿ ಮೂರನೇ ಸಲ ಕೇಳಿದ್ದು ಕೇಳಿಸಿತು.

“ಊಂ ಸಾ,” ಎಂದಿತು ಒಳಗಿನ ದನಿ. “ಆಚೆಗೇ ನಿಂತಿದ್ದೆ.”